ಬ್ಯಾನಿ ಹೋಯಿತೆಂದು ಹೇಳುವುದು ಯಾವಾಗ?



ಈ ಸಲದ ಲೇಖನ ಒಂದು ಶಬ್ದದ ಇತಿಹಾಸ. ಆ ಶಬ್ದವನ್ನು ನಮ್ಮ ಮನೆಗೆ ತಂದವಳು ನನ್ನ ಅಕ್ಕನ ಮೊಮ್ಮಗಳು. ಅವಳು ಅಂಗನವಾಡಿ ಕಾರ್ಯಕರ್ತೆ. ಕೆಲವು ವರ್ಷಗಳ ಹಿಂದೆ ಅವಳ ಬೆರಳಿನ ಗೆಣ್ಣುಗಳು ಊದಿಕೊಂಡು, ಮುಂಜಾನೆ ಎದ್ದಾಗ ಮುಷ್ಟಿ ಕಟ್ಟಲು ಬಾರದಂತಾಯಿತು. ಅದು ರುಮಟಾಯ್ಡ್ ಸಂಧಿವಾತವೆಂದು ಮೂರು ತಿಂಗಳೊಳಗೇ ಗೊತ್ತಾಗಿ ಚಿಕಿತ್ಸೆ ಆರಂಭವಾಯಿತು. ಕಳೆದ ದೀಪಾವಳಿಗೆ ದೇವದುರ್ಗಕ್ಕೆ ಬಂದಾಗ ಮನೆಯ ಮುಂದಿನ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕುಳಿತು ಕೇಳಿದಳು: “ಮುತ್ಯಾ, ಡಾಕ್ಟರು ರೆಮಿಷನ್ ಬಂದೈತಿ ಅಂದ್ರು. ಹಂಗಂದ್ರ ಬ್ಯಾನಿ ಹೋತು ಅಂತ ತಿಳಕೊಳ್ಳಲೋ, ಇನ್ನಾ ಐತಿ ಅಂತ ತಿಳಕೊಳ್ಳಲೋ? ಗುಳಿಗಿ ಬಿಡಬಹುದೇನು?”

ಮೂವತ್ತು ವರ್ಷಕ್ಕೂ ಮಿಕ್ಕಿ ಗಣಿತ ಕಲಿಸಿದ ನನಗೆ ಈ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ವೈದ್ಯರಾಗಿರುವ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಓದಲು ಬೇಕಾದುದನ್ನು ಕಳುಹಿಸಿಕೊಟ್ಟರು. ಓದುತ್ತ ಹೋದಂತೆ ತಿಳಿದದ್ದೇನೆಂದರೆ, ಈ ಹುಡುಗಿ ಕೇಳಿದ ಪ್ರಶ್ನೆಯನ್ನೇ ಜಗತ್ತಿನ ವೈದ್ಯರು ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತ ಬಂದಿದ್ದಾರೆ. ಒಮ್ಮೆ ಕೊಟ್ಟ ಉತ್ತರವನ್ನು ಮತ್ತೆ ಮತ್ತೆ ತಿದ್ದಿದ್ದಾರೆ.

ಮೊದಲು ಅಕ್ಕನ ವಿಷಯ ಹೇಳಬೇಕು. ಆಕೆಗೆ ಈ ರೋಗ ಕಾಣಿಸಿಕೊಂಡದ್ದು 1972ರ ಬರಗಾಲದ ಸುಮಾರಿಗೆ. ಆಗ ನಮ್ಮ ಕಡೆ ಎಲ್ಲ ಕೀಲುನೋವಿಗೂ ‘ವಾಯಿ’ ಎಂಬ ಒಂದೇ ಹೆಸರು. ಬಿಸಿ ಎಣ್ಣೆ ತಿಕ್ಕಿದರು, ಲಕ್ಕಿಸೊಪ್ಪಿನ ಕಾವು ಕೊಟ್ಟರು, ಒಬ್ಬರ ಮಾತು ಕೇಳಿ ಮಣಿಕಟ್ಟಿಗೆ ಬರೆಯನ್ನೂ ಹಾಕಿದರು. ನಡುವೆ ಆಕೆ ಬಸುರಾದಾಗ ಮಾತ್ರ ಒಂದು ವಿಚಿತ್ರ ನಡೆಯಿತು. ಐದನೆಯ ತಿಂಗಳ ಹೊತ್ತಿಗೆ ಊತ ಇಳಿದು, ಅಕ್ಕ ಮತ್ತೆ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯತೊಡಗಿದಳು. ಆ ಸಪ್ಪಳ ಕೇಳಿ ನಮ್ಮ ಅವ್ವ ದೇವರಿಗೆ ಕಾಯಿ ಒಡೆಸಿದಳು. ಹೆರಿಗೆಯಾಗಿ ಎರಡು ತಿಂಗಳಾಗುವಷ್ಟರಲ್ಲಿ ನೋವು ಮರಳಿ ಬಂತು, ಮೊದಲಿಗಿಂತ ಜೋರಾಗಿ. ಮುಂದೆ ಹತ್ತು ವರ್ಷಗಳಲ್ಲಿ ಆಕೆಯ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿ ಸೊಟ್ಟಗಾದವು. ಕೊನೆಗಾಲದಲ್ಲಿ ಆಕೆಗೆ ತುತ್ತು ಮಾಡಿ ಉಣಿಸಬೇಕಾಗುತ್ತಿತ್ತು. ಆ ಐದಾರು ನೆಮ್ಮದಿಯ ತಿಂಗಳುಗಳಿಗೆ ಒಂದು ಹೆಸರಿದೆ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಹೆಸರು ನಮ್ಮ ನಾಡಿಗೆ ಹೊಸದೇನಲ್ಲ. ಕೀಲುಗಳು ಊದಿ ನೋಯುವ ‘ಆಮವಾತ’ಕ್ಕೆ ಸುಮಾರು ಸಾವಿರದ ಇನ್ನೂರು ವರ್ಷಗಳಷ್ಟು ಹಳೆಯದಾದ ‘ಮಾಧವ ನಿದಾನ’ ಗ್ರಂಥ ಒಂದು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಅದಕ್ಕಿಂತ ಹಿಂದಿನ ಆಯುರ್ವೇದ ಗ್ರಂಥಗಳು ರೋಗಗಳನ್ನು ಗುಣವಾಗುವವು, ಕಷ್ಟದಿಂದ ಗುಣವಾಗುವವು, ಗುಣವಾಗದವು ಎಂದು ವಿಂಗಡಿಸುವಾಗ ನಡುವೆ ‘ಯಾಪ್ಯ’ವೆಂಬ ಇನ್ನೊಂದು ವರ್ಗವನ್ನು ಇಟ್ಟಿವೆ. ರೋಗ ಒಳಗೇ ಇರುತ್ತದೆ. ಚಿಕಿತ್ಸೆ ನಡೆಯುವವರೆಗೆ ರೋಗಿ ಸುಖವಾಗಿರುತ್ತಾನೆ. ಚಿಕಿತ್ಸೆ ನಿಂತರೆ ರೋಗ ಮರಳುತ್ತದೆ. ಬೀಳಲಿರುವ ಮನೆಯನ್ನು ಸರಿಯಾಗಿ ಕೊಟ್ಟ ಆಸರೆಯ ಕಂಬ ಎತ್ತಿಹಿಡಿಯುವುದಕ್ಕೆ ಸುಶ್ರುತ ಇದನ್ನು ಹೋಲಿಸಿದ್ದಾನೆ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳೆದ ನಮಗೆ ಈ ಹೋಲಿಕೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಜಂತಿ ಬಾಗಿದಾಗ ಕೆಳಗೆ ಕಂಬ ಕೊಡುವುದನ್ನು ಎಲ್ಲರೂ ಕಂಡವರೇ. ಆದರೆ ಯಾಪ್ಯದಲ್ಲಿರುವ ರೋಗಿ ಎಷ್ಟರಮಟ್ಟಿಗೆ ಸುಖಿ ಎಂದು ಅಳೆಯುವ ಕೋಲು ಅಂದು ಇರಲಿಲ್ಲ. ಆ ಕೋಲು ಹುಟ್ಟಿದ್ದು ಇಪ್ಪತ್ತನೆಯ ಶತಮಾನದಲ್ಲಿ.

ಯೂರೋಪಿನಲ್ಲಿ ಈ ರೋಗವನ್ನು ಬೇರೆಯಾಗಿ ಗುರುತಿಸಿದವನು ಪ್ಯಾರಿಸ್ಸಿನ ಲಾಂದ್ರೆ ಬೋವೆ. 1800ರಲ್ಲಿ ಬರೆದ ತನ್ನ ಪ್ರಬಂಧದಲ್ಲಿ ಅವನು ವಿವರಿಸಿದ್ದು ಒಂಬತ್ತು ರೋಗಿಗಳನ್ನು. ಒಂಬತ್ತೂ ಜನ ಹೆಂಗಸರು. ರುಮಟಾಯ್ಡ್ ಎಂಬ ಹೆಸರನ್ನು 1859ರಲ್ಲಿ ಕೊಟ್ಟವನು ಇಂಗ್ಲೆಂಡಿನ ಆಲ್ಫ್ರೆಡ್ ಗ್ಯಾರಡ್. ಹೆಸರು ಸಿಕ್ಕಿದರೂ ಔಷಧಿ ಸಿಗಲಿಲ್ಲ. ಆದರೆ ರೋಗ ಕೆಲವೊಮ್ಮೆ ತಾನಾಗಿಯೇ ಹಿಂದೆ ಸರಿಯುತ್ತದೆ ಎಂಬುದನ್ನು ವೈದ್ಯರು ಗಮನಿಸಿದ್ದರು. ಅಮೆರಿಕದ ಮೇಯೋ ಚಿಕಿತ್ಸಾಲಯದ ಫಿಲಿಪ್ ಹೆಂಚ್ 1929ರಲ್ಲಿ ಒಬ್ಬ ರೋಗಿಯನ್ನು ಕಂಡ. ಆ ರೋಗಿಯೂ ವೈದ್ಯನೇ. ಕಾಮಾಲೆ ಬಂದೊಡನೆ ಅವನ ಕೀಲುನೋವು ಮಾಯವಾಗಿತ್ತು. ಬಸುರಿಯರಲ್ಲಿಯೂ ಹೀಗೇ ಆಗುವುದನ್ನು ಹೆಂಚ್ ಮುಂದೆ ದಾಖಲಿಸಿದ. ಅದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ರೊಟ್ಟಿ ಬಡಿಯುತ್ತಿದ್ದ ಅಕ್ಕ.

ದೇಹದೊಳಗೇ ಹುಟ್ಟುವ ಯಾವುದೋ ವಸ್ತು ರೋಗವನ್ನು ಅಡಗಿಸುತ್ತಿರಬೇಕೆಂದು ಹೆಂಚ್ ಊಹಿಸಿದ. ಎಡ್ವರ್ಡ್ ಕೆಂಡಾಲ್ ಬೇರ್ಪಡಿಸಿದ್ದ, ಮುಂದೆ ಕಾರ್ಟಿಸೋನ್ ಎಂಬ ಹೆಸರು ಪಡೆದ ವಸ್ತುವನ್ನು 1948ರ ಸೆಪ್ಟೆಂಬರ್ 21ರಂದು ಒಬ್ಬ ಯುವತಿಗೆ ಚುಚ್ಚಿದರು. ಹಾಸಿಗೆಯಿಂದ ಏಳಲು ಕಷ್ಟಪಡುತ್ತಿದ್ದ ಆಕೆ ಒಂದು ವಾರದಲ್ಲಿ ಪೇಟೆ ತಿರುಗಿ ಬಂದಳು. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಪ್ರಶಸ್ತಿ ಬಂತು. ಆದರೆ ಔಷಧಿ ನಿಲ್ಲಿಸಿದರೆ ನೋವು ಮರಳುತ್ತಿತ್ತು. ಮುಂದುವರಿಸಿದರೆ ಮುಖ ಊದುತ್ತಿತ್ತು, ಎಲುಬು ಸವೆಯುತ್ತಿತ್ತು. ಅಕ್ಕನಿಗೂ ಸಂತೆಯ ದಿನ ಬರುತ್ತಿದ್ದ ಒಬ್ಬರು ಸಣ್ಣ ಬಿಳಿ ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದರು. ತಿಂದ ಮರುದಿನ ಆಕೆ ಹುಷಾರಾಗುತ್ತಿದ್ದಳು. ವರ್ಷದೊಳಗೆ ಮುಖ ದುಂಡಗಾಗಿ ಚರ್ಮ ತೆಳುವಾಯಿತು. ಅದು ಇದೇ ಜಾತಿಯ ಔಷಧಿಯಾಗಿತ್ತೆಂದು ಈಗ ಅರ್ಥವಾಗುತ್ತದೆ. ನೋವು ಇಳಿದದ್ದು ನಿಜ. ಒಳಗೆ ಕೀಲು ಸವೆಯುತ್ತಲೇ ಇದ್ದದ್ದೂ ನಿಜ. ನೋವು ಇಲ್ಲದಿರುವುದೂ ರೋಗ ಶಮನವಾಗಿರುವುದೂ ಒಂದೇ ಅಲ್ಲವೆಂದಮೇಲೆ ಶಮನವೆಂದರೆ ಏನೆಂದು ಬರೆದಿಡುವುದು ಅನಿವಾರ್ಯವಾಯಿತು.

ಮೊದಲ ಪ್ರಯತ್ನಗಳಲ್ಲಿ ಒಂದು 1949ರದು. ನ್ಯೂಯಾರ್ಕಿನ ಸ್ಟೈನ್‌ಬ್ರಾಕರ್ ಮತ್ತು ಸಂಗಡಿಗರು ಚಿಕಿತ್ಸೆಯ ಫಲವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಮೊದಲನೆಯ ದರ್ಜೆಗೆ ಪೂರ್ಣ ಶಮನವೆಂದು ಹೆಸರಿಟ್ಟರು. ಮುಂದೆ 1981ರಲ್ಲಿ ಅಮೆರಿಕದ ಸಂಧಿವಾತ ವೈದ್ಯರ ಸಂಘದ ಪರವಾಗಿ ಪಿನಾಲ್ಸ್ ಮತ್ತು ಸಂಗಡಿಗರು ಆರು ಲಕ್ಷಣಗಳ ಪಟ್ಟಿಯನ್ನು ಪ್ರಕಟಿಸಿದರು. ಮುಂಜಾನೆಯ ಬಿಗಿತ 15 ನಿಮಿಷಕ್ಕಿಂತ ಹೆಚ್ಚಿರಬಾರದು, ದಣಿವು ಇರಬಾರದು, ಕೀಲುನೋವು ಇರಬಾರದು, ಒತ್ತಿದಾಗಲೂ ಕೀಲು ನೋಯಬಾರದು, ಕೀಲಿನ ಸುತ್ತ ಊತ ಇರಬಾರದು, ಇಎಸ್‌ಆರ್ ಹೆಂಗಸರಲ್ಲಿ 30ಕ್ಕಿಂತ, ಗಂಡಸರಲ್ಲಿ 20ಕ್ಕಿಂತ ಕಡಿಮೆಯಿರಬೇಕು. ಈ ಆರರಲ್ಲಿ ಐದು, ಎರಡು ತಿಂಗಳು ಎಡೆಬಿಡದೆ ಇದ್ದರೆ ರೋಗ ಶಮನವಾಗಿದೆ ಎನ್ನಬಹುದು. ಇಎಸ್‌ಆರ್ ಎಂದರೆ ನಳಿಗೆಯಲ್ಲಿ ನಿಲ್ಲಿಸಿದ ರಕ್ತದಲ್ಲಿ ಕೆಂಪುಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿಯುತ್ತವೆ ಎಂಬ ಲೆಕ್ಕ. ಸ್ವೀಡನ್ನಿನ ವೆಸ್ಟರ್‌ಗ್ರೆನ್ 1921ರಲ್ಲಿ ಕ್ರಮಪಡಿಸಿದ ಈ ಪರೀಕ್ಷೆಯನ್ನು ಇಂದು ತಾಲ್ಲೂಕು ಮಟ್ಟದ ಪ್ರಯೋಗಾಲಯಗಳಲ್ಲೂ ಮಾಡುತ್ತಾರೆ.

1981ರ ಪಟ್ಟಿ ಕಟ್ಟುನಿಟ್ಟಾದದ್ದು. ಆಗಿನ ಔಷಧಿಗಳಿಂದ ಅದನ್ನು ಮುಟ್ಟಿದವರು ಕಡಿಮೆ. ಆ ಕಾಲದ ಪದ್ಧತಿಯೆಂದರೆ ಮೊದಲು ನೋವಿನ ಗುಳಿಗೆ, ಅದು ಸಾಲದಾದಾಗ ಇನ್ನೊಂದು, ಕೈ ಸೊಟ್ಟಗಾಗತೊಡಗಿದ ಮೇಲೆ ಬಲವಾದ ಔಷಧಿ. 1980ರ ದಶಕದ ಕೊನೆಗೆ ಕೆಲವರು ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂದರು. ಕೀಲು ಸವೆಯುವುದು ಮೊದಲ ಒಂದೆರಡು ವರ್ಷಗಳಲ್ಲೇ ಎಂಬುದು ಅಷ್ಟರಲ್ಲಿ ಸ್ಪಷ್ಟವಾಗುತ್ತಿತ್ತು. ಅದೇ ಹೊತ್ತಿಗೆ, 1988ರಲ್ಲಿ, ಮೆಥೊಟ್ರೆಕ್ಸೇಟ್ ಈ ರೋಗಕ್ಕೆ ಅಮೆರಿಕದಲ್ಲಿ ಅಧಿಕೃತ ಮನ್ನಣೆ ಪಡೆಯಿತು. ಈ ಔಷಧಿಯ ವಂಶಾವಳಿಯಲ್ಲಿ ನಮ್ಮ ನೆರೆಯವರೊಬ್ಬರಿದ್ದಾರೆ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಡೆಸಿದ ಸಂಶೋಧನೆಯಿಂದಲೇ ಅಮಿನಾಪ್ಟೆರಿನ್, ಮೆಥೊಟ್ರೆಕ್ಸೇಟ್‌ಗಳು ಬಂದದ್ದು. ಅವರು 1948ರಲ್ಲಿ ತೀರಿಕೊಂಡರು. ಅಮಿನಾಪ್ಟೆರಿನ್ ಅನ್ನು ಸಂಧಿವಾತಕ್ಕೆ ಮೊದಲು ಕೊಟ್ಟು ನೋಡಿದ್ದು 1951ರಲ್ಲಿ.

ಔಷಧಿಯನ್ನು ಯಾವಾಗ ಹೆಚ್ಚಿಸಬೇಕು, ಯಾವಾಗ ಸಾಕೆನ್ನಬೇಕು? ಇದಕ್ಕೆ ಒಂದು ಅಂಕಿ ಬೇಕಾಯಿತು. ನೆದರ್ಲೆಂಡ್ಸಿನ ನೈಮೇಖನ್ ನಗರದಲ್ಲಿ ವಾನ್ ಡೆರ್ ಹೈಡೆ ಮತ್ತು ಸಂಗಡಿಗರು ಹೊಸದಾಗಿ ರೋಗ ಬಂದವರನ್ನು ವರ್ಷಗಳ ಕಾಲ ನೋಡುತ್ತ, ಅನುಭವಿ ವೈದ್ಯರು ಯಾವ ಸ್ಥಿತಿಯಲ್ಲಿ ಬಲವಾದ ಔಷಧಿ ಆರಂಭಿಸುತ್ತಾರೆ, ಯಾವ ಸ್ಥಿತಿಯಲ್ಲಿ ಬೇಡವೆನ್ನುತ್ತಾರೆ ಎಂಬುದನ್ನು ಬರೆದಿಟ್ಟುಕೊಂಡರು. ಆ ತೀರ್ಮಾನಗಳಿಂದ ಹಿಂದಕ್ಕೆ ಲೆಕ್ಕ ಹಾಕಿ 1990ರಲ್ಲಿ ‘ಡಾಸ್’ ಎಂಬ ಸೂತ್ರವನ್ನು ರಚಿಸಿದರು. ಅದರ ಸರಳ ರೂಪ 1995ರಲ್ಲಿ ಬಂದ ‘ಡಾಸ್-28’. ಎರಡು ಭುಜ, ಎರಡು ಮೊಳಕೈ, ಎರಡು ಮಣಿಕಟ್ಟು, ಕೈಬೆರಳುಗಳ ಇಪ್ಪತ್ತು ಗೆಣ್ಣು, ಎರಡು ಮೊಣಕಾಲು, ಹೀಗೆ 28 ಕೀಲುಗಳನ್ನು ಒತ್ತಿ ನೋಡಬೇಕು. ಉತ್ತರ 2.6ಕ್ಕಿಂತ ಕಡಿಮೆ ಬಂದರೆ ಶಮನವೆಂದು ಎಣಿಸುವ ವಾಡಿಕೆ ಬೆಳೆಯಿತು.

ಅಳತೆ ಕೈಗೆ ಬಂದದ್ದರಿಂದ ಆದ ಲಾಭ ದೊಡ್ಡದು. ಫಿನ್ಲೆಂಡಿನ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ರೋಗಿಗಳು 195 ಮಂದಿ. ಆರಂಭದಿಂದಲೇ ಹಲವು ಔಷಧಿಗಳನ್ನು ಕೂಡಿಸಿ ಕೊಟ್ಟ 97 ಮಂದಿಯಲ್ಲಿ 24 ಜನ, ಒಂದೇ ಔಷಧಿ ಕೊಟ್ಟ 98 ಮಂದಿಯಲ್ಲಿ 11 ಜನ ಒಂದು ವರ್ಷದಲ್ಲಿ ಶಮನಸ್ಥಿತಿಗೆ ಬಂದರು. ನನ್ನ ಮನಸ್ಸಿನಲ್ಲಿ ಇನ್ನೂ ಆಳವಾಗಿ ನಿಂತದ್ದು 2004ರಲ್ಲಿ ಪ್ರಕಟವಾದ ಗ್ಲಾಸ್ಗೋ ನಗರದ ಅಧ್ಯಯನ. ಅಲ್ಲಿ 110 ರೋಗಿಗಳನ್ನು ಎರಡು ಗುಂಪು ಮಾಡಿದರು. ದುಬಾರಿಯಾದ ಹೊಸ ಔಷಧಿ ಯಾವ ಗುಂಪಿಗೂ ಇರಲಿಲ್ಲ. ಒಂದು ಗುಂಪನ್ನು ಎಂದಿನಂತೆ ಮೂರು ತಿಂಗಳಿಗೊಮ್ಮೆ ನೋಡಿದರು. ಇನ್ನೊಂದನ್ನು ತಿಂಗಳಿಗೊಮ್ಮೆ ಕರೆಸಿ, ಡಾಸ್ ಅಂಕಿ ಲೆಕ್ಕ ಹಾಕಿ, ಅದು ಇಳಿಯದಿದ್ದರೆ ಔಷಧಿಯನ್ನು ಹೆಚ್ಚಿಸುತ್ತ ಹೋದರು. ಹದಿನೆಂಟು ತಿಂಗಳ ಮೇಲೆ ಮೊದಲ ಗುಂಪಿನಲ್ಲಿ ನೂರಕ್ಕೆ 16 ಜನ, ಎರಡನೆಯದರಲ್ಲಿ ನೂರಕ್ಕೆ 65 ಜನ ಶಮನಸ್ಥಿತಿಯಲ್ಲಿದ್ದರು. ತಿಂಗಳ ಪರೀಕ್ಷೆ ಇಟ್ಟು ಹಿಂದುಳಿದವರನ್ನು ಅಲ್ಲಲ್ಲೇ ಹಿಡಿದು ಕೂರಿಸಿದರೆ ವಾರ್ಷಿಕ ಫಲಿತಾಂಶ ಬದಲಾಗುವುದನ್ನು ಶಾಲೆಯಲ್ಲಿ ನಾನೂ ಕಂಡಿದ್ದೇನೆ. ಇಂಥ ಅಧ್ಯಯನಗಳ ಬಲದ ಮೇಲೆಯೇ 2010ರಲ್ಲಿ ತಜ್ಞರ ಅಂತರರಾಷ್ಟ್ರೀಯ ಸಮಿತಿಯೊಂದು ಶಮನವನ್ನೇ ಚಿಕಿತ್ಸೆಯ ಗುರಿಯಾಗಿ ಇಟ್ಟುಕೊಳ್ಳಬೇಕೆಂದು ಸೂಚಿಸಿತು. ಅಕ್ಕನ ಕಾಲದಲ್ಲಿ ಅದು ದೈವಕೃಪೆ. ಮೊಮ್ಮಗಳ ಕಾಲಕ್ಕೆ ಅದು ಗುರಿ.

ಆದರೆ ಗುರಿಗೆ ಇಟ್ಟ ಗೆರೆ ಸರಿಯಾಗಿದೆಯೇ? ಡಾಸ್-28ರ ಸೂತ್ರ ಹೀಗಿದೆ: ಒತ್ತಿದರೆ ನೋಯುವ ಕೀಲುಗಳ ಸಂಖ್ಯೆಯ ವರ್ಗಮೂಲವನ್ನು 0.56ರಿಂದ, ಊದಿದ ಕೀಲುಗಳ ಸಂಖ್ಯೆಯ ವರ್ಗಮೂಲವನ್ನು 0.28ರಿಂದ, ಇಎಸ್‌ಆರ್‌ನ ಸ್ವಾಭಾವಿಕ ಲಘುಗಣಕವನ್ನು 0.70ರಿಂದ, ರೋಗಿಯು ತನ್ನ ಸ್ಥಿತಿಗೆ ಸೊನ್ನೆಯಿಂದ ನೂರರೊಳಗೆ ತಾನೇ ಕೊಟ್ಟುಕೊಳ್ಳುವ ಅಂಕವನ್ನು 0.014ರಿಂದ ಗುಣಿಸಿ, ನಾಲ್ಕನ್ನೂ ಕೂಡಬೇಕು. ಸೊನ್ನೆಯೆಂದರೆ ಪೂರ್ಣ ನೆಮ್ಮದಿ. ಹಳೆಯ ಚಾಳಿಯಂತೆ ನಾನು ಕಾಗದ ತೆಗೆದುಕೊಂಡು ಎರಡು ಲೆಕ್ಕ ಮಾಡಿದೆ. ಮೊದಲನೆಯ ಹೆಂಗಸಿಗೆ ಒಂದು ಕೀಲೂ ನೋಯುವುದಿಲ್ಲ, ಒಂದೂ ಊದಿಲ್ಲ. ಇಎಸ್‌ಆರ್ 40, ತಾನೇ ಕೊಟ್ಟ ಅಂಕ 10. ಮೊತ್ತ 2.58 ಕೂಡಿಸು 0.14, ಅಂದರೆ 2.72. ಆಕೆ ಅನುತ್ತೀರ್ಣಳು. ಎರಡನೆಯವಳಿಗೆ ನೋಯುವ ಕೀಲು ಇಲ್ಲ, ಆದರೆ ಊದಿದ ಕೀಲುಗಳು 9. ಇಎಸ್‌ಆರ್ 10, ಅಂಕ ಅದೇ 10. ಮೊತ್ತ 0.84, 1.61, 0.14 ಸೇರಿ 2.59. ಒಂಬತ್ತು ಕೀಲು ಊದಿದ್ದರೂ ಆಕೆ ಉತ್ತೀರ್ಣಳು!

ಇದು ಬರಿಯ ಕಾಗದದ ಲೆಕ್ಕವಲ್ಲ. ರಕ್ತಹೀನತೆಯಿದ್ದರೆ ಇಎಸ್‌ಆರ್ ತಾನಾಗಿಯೇ ಏರುತ್ತದೆ, ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ಇಂಥ ಕೊರತೆಗಳನ್ನು ಬಲ್ಲ ವೈದ್ಯರು ಬೇರೆ ದಾರಿ ಹುಡುಕಿದರು. ವಿಯೆನ್ನಾದ ಸ್ಮೋಲೆನ್ ಮತ್ತು ಸಂಗಡಿಗರು 2003ರಲ್ಲಿ ವರ್ಗಮೂಲ, ಲಘುಗಣಕಗಳನ್ನು ಬಿಟ್ಟು ಬರಿಯ ಕೂಡುವ ಲೆಕ್ಕವೊಂದನ್ನು ತಂದರು. 2005ರಲ್ಲಿ ಅದೇ ನಗರದ ವೈದ್ಯರು ಅದರಿಂದ ರಕ್ತಪರೀಕ್ಷೆಯನ್ನೂ ಕೈಬಿಟ್ಟರು. ನೋಯುವ ಕೀಲು, ಊದಿದ ಕೀಲು, ಹತ್ತಕ್ಕೆ ರೋಗಿ ಕೊಟ್ಟ ಅಂಕ, ಹತ್ತಕ್ಕೆ ವೈದ್ಯರು ಕೊಟ್ಟ ಅಂಕ, ಇಷ್ಟನ್ನು ಕೂಡಿದರೆ ಆಯಿತು, ಮೊತ್ತ 2.8 ಮೀರದಿದ್ದರೆ ಶಮನ. ರಾಯಚೂರಿಗೆ ಬಸ್ಸು ಹಿಡಿಯದೆ, ವರದಿಗಾಗಿ ಕಾಯದೆ, ಬೆರಳೆಣಿಕೆಯಲ್ಲಿ ಮುಗಿಯುವ ಅಳತೆ ಇದು. 2011ರಲ್ಲಿ ಅಮೆರಿಕ ಮತ್ತು ಯೂರೋಪಿನ ಸಂಘಗಳು ಸೇರಿ ಇನ್ನೊಂದು ಗೆರೆ ಎಳೆದವು: ನೋಯುವ ಕೀಲು ಒಂದಕ್ಕಿಂತ ಹೆಚ್ಚಿರಬಾರದು, ಊದಿದ ಕೀಲು ಒಂದಕ್ಕಿಂತ ಹೆಚ್ಚಿರಬಾರದು, ರಕ್ತದ ಸಿಆರ್‌ಪಿ ಡೆಸಿಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು, ರೋಗಿ ಹತ್ತಕ್ಕೆ ಕೊಡುವ ಅಂಕವೂ ಒಂದನ್ನು ಮೀರಬಾರದು.

ಈ ನಾಲ್ಕನೆಯ ಷರತ್ತಿನ ಮೇಲೆ ಚರ್ಚೆ ಎದ್ದಿತು. ಕೀಲು ತಣ್ಣಗಿದೆ, ರಕ್ತ ಶುದ್ಧವಿದೆ, ಆದರೆ ರೋಗಿ ಮಾತ್ರ ‘ನಾನು ಪೂರಾ ಆರಾಮಿಲ್ಲ’ ಎನ್ನುತ್ತಾಳೆ. ಹಳೆಯ ಸವೆತ, ನಿದ್ರೆಯ ಕೊರತೆ, ಮನೆಯ ಚಿಂತೆ, ಬೆನ್ನುನೋವು ಎಲ್ಲವೂ ಆ ಅಂಕದಲ್ಲಿ ಸೇರಿಬಿಡುತ್ತವೆ. ರೋಗಿಯ ಮಾತನ್ನೇ ಲೆಕ್ಕದಿಂದ ತೆಗೆಯಬೇಕೆಂದು ಕೆಲವರು ವಾದಿಸಿದರು. ಕೊನೆಗೆ 2022ರಲ್ಲಿ ಎರಡೂ ಸಂಘಗಳು ಆ ಮಾತನ್ನು ಉಳಿಸಿಕೊಂಡು, ಅದರ ಮಿತಿಯನ್ನು ಒಂದರಿಂದ ಎರಡಕ್ಕೆ ಏರಿಸಿದವು. ಇದು ಸರಿಯಾದ ನಿರ್ಣಯವೆಂದು ನನಗೆ ಅನಿಸುತ್ತದೆ. ಸ್ವತಃ ರೋಗಿಯನ್ನು ಕೇಳದೆ ‘ನೀನು ಆರಾಮಾಗಿದ್ದೀ’ ಎಂದು ಘೋಷಿಸುವ ಅಳತೆ ಎಂಥದು?

ಈಗ ನಮ್ಮ ಜಿಲ್ಲೆಯತ್ತ ಬರೋಣ. ರೋಗವನ್ನು ಮೊದಲಲ್ಲೇ ಹಿಡಿಯಬೇಕೆಂಬುದು ಸುಲಭದ ಮಾತು, ಆದರೆ ಇಲ್ಲಿ ಕೀಲುನೋವಿಗೆ ಕಾರಣಗಳು ಹಲವು. ರಾಯಚೂರು ಜಿಲ್ಲೆಯ ಅನೇಕ ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು, ಅದು ಎಲುಬು ಕೀಲುಗಳನ್ನು ಬಿಗಿಯುತ್ತದೆ. ಚಿಕುನ್‌ಗುನ್ಯ 2006ರಲ್ಲಿ ಬಂದಾಗ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಗೋಡೆ ಹಿಡಿದು ನಡೆಯುತ್ತಿದ್ದ ಆ ದಿನಗಳನ್ನು ನೀವು ಮರೆತಿರಲಾರಿರಿ. ಹೆಚ್ಚಿನವರಿಗೆ ಅದು ವಾರಗಳಲ್ಲಿ ಇಳಿಯಿತು, ಕೆಲವರಿಗೆ ತಿಂಗಳುಗಟ್ಟಲೆ ಉಳಿದು ರುಮಟಾಯ್ಡ್ ಸಂಧಿವಾತದಂತೆಯೇ ಕಂಡಿತು. 1987ರಲ್ಲಿ ರಚಿಸಿದ ಹಳೆಯ ಮಾನದಂಡಗಳು ಬಲಿತ ರೋಗವನ್ನು ಗುರುತಿಸುತ್ತಿದ್ದವು, ಎಳೆಯ ರೋಗ ಅವುಗಳ ಕಣ್ಣು ತಪ್ಪಿಸುತ್ತಿತ್ತು. 2010ರ ಹೊಸ ಮಾನದಂಡ ಹತ್ತು ಅಂಕಗಳ ಪ್ರಶ್ನೆಪತ್ರಿಕೆಯಂತಿದೆ: ಎಷ್ಟು ಕೀಲು, ರಕ್ತದಲ್ಲಿ ಯಾವ ಪ್ರತಿಕಾಯ, ಉರಿಯೂತದ ಗುರುತು, ಆರು ವಾರ ಮೀರಿದೆಯೇ ಎಂದು ನೋಡಿ, ಆರು ಅಂಕ ಬಂದರೆ ರೋಗವೆಂದು ಪರಿಗಣಿಸುತ್ತಾರೆ. ಹಾಗೆಂದು ಇದು ತೀರ ವಿರಳ ರೋಗವೂ ಅಲ್ಲ. ಭೀಮಾನದಿಯ ಮೇಲ್ದಂಡೆಯಲ್ಲಿ, ಪುಣೆ ಜಿಲ್ಲೆಯ ಭಿಗವಣ ಗ್ರಾಮದಲ್ಲಿ, ಡಾ. ಅರವಿಂದ ಚೋಪ್ರಾ ಅವರ ತಂಡ 1996ರಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ಆರಂಭಿಸಿತು. ಸಾವಿರ ವಯಸ್ಕರಲ್ಲಿ ಸುಮಾರು ಐವರಿಗೆ ಈ ರೋಗವಿರುವುದು ಅಲ್ಲಿ ಕಂಡುಬಂತು.

ನಮ್ಮ ಜನರ ಬದುಕಿಗೆ ಅಳತೆಕೋಲನ್ನು ಹೊಂದಿಸಿದ ಕೆಲಸವೊಂದನ್ನೂ ಇಲ್ಲಿ ಸ್ಮರಿಸಬೇಕು. ರೋಗಿಗೆ ದಿನನಿತ್ಯದ ಕೆಲಸ ಎಷ್ಟು ಸಾಧ್ಯ ಎಂದು ಕೇಳುವ ಪ್ರಶ್ನಾವಳಿಯನ್ನು 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜೇಮ್ಸ್ ಫ್ರೈಸ್ ಮತ್ತು ಸಂಗಡಿಗರು ರಚಿಸಿದ್ದರು. ಮೇಜು ಕುರ್ಚಿಗಳ ಬದುಕಿಗೆ ಹೊಂದಿದ ಅದನ್ನು ಡಾ. ಅಶೋಕ್ ಕುಮಾರ್ ಮತ್ತು ಸಂಗಡಿಗರು ತಿದ್ದಿ 2002ರಲ್ಲಿ ಭಾರತೀಯ ರೂಪವನ್ನು ಪ್ರಕಟಿಸಿದರು. ಕುಕ್ಕರಗಾಲಿನಲ್ಲಿ ಅಥವಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಲ್ಲಿರಾ, ಆಟೋರಿಕ್ಷಾ ಹತ್ತಿ ಇಳಿಯಬಲ್ಲಿರಾ, ಮೂರು ಕಿಲೋಮೀಟರ್ ನಡೆಯಬಲ್ಲಿರಾ ಎಂಬ ಪ್ರಶ್ನೆಗಳು ಅದರಲ್ಲಿವೆ. ನನ್ನನ್ನು ಕೇಳಿದ್ದರೆ ರೊಟ್ಟಿ ಬಡಿಯಬಲ್ಲಿರಾ ಎಂಬುದನ್ನೂ ಸೇರಿಸುತ್ತಿದ್ದೆ.

ಬಂಧುಗಳಲ್ಲಿ ಆಯುರ್ವೇದವನ್ನು ನಂಬುವವರಿದ್ದೀರಿ. ನಿಮಗೂ ಈ ಅಳತೆಯಿಂದ ಉಪಯೋಗವಾಗಿದೆ. ಕೊಯಮತ್ತೂರಿನಲ್ಲಿ 43 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಯುರ್ವೇದ ಚಿಕಿತ್ಸೆ, ಮೆಥೊಟ್ರೆಕ್ಸೇಟ್, ಎರಡೂ ಕೂಡಿದ ಚಿಕಿತ್ಸೆ ಎಂದು ಮೂರು ಗುಂಪುಗಳಿದ್ದವು, ಅಳೆದದ್ದು ಡಾಸ್-28ರಿಂದ. ಮೂರೂ ಹೆಚ್ಚುಕಡಿಮೆ ಸಮನಾಗಿ ಸುಧಾರಿಸಿದವು. ತೀರ್ಪು ಕೊಡಲು 43 ಮಂದಿ ಸಾಲದು. ಅದನ್ನು ನಂಬಿ ಯಾರೂ ನಡೆಯುತ್ತಿರುವ ಔಷಧಿ ಬಿಡಬಾರದು. ಆದರೆ ಎರಡು ಪದ್ಧತಿಗಳು ಒಂದೇ ಅಳತೆಕೋಲಿನ ಮುಂದೆ ನಿಂತದ್ದು ಒಳ್ಳೆಯ ಪದ್ಧತಿಯೆಂದೇ ನನ್ನ ಭಾವನೆ.

ಇಷ್ಟೆಲ್ಲ ಓದಿದ ಮೇಲೆ ನಾನು ಮೊಮ್ಮಗಳಿಗೆ ಫೋನು ಮಾಡಿ ಒಂದು ಪ್ರಶ್ನೆ ಕೇಳಿದೆ: “ಅಂಗಾಲು ಹೆಂಗದಾವವ್ವಾ?” ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಂಜಾನಿ ನೆಲಕ್ಕ ಊರಿದ್ರ ಹಳ್ಳು ತುಳದಂಗ ಆಗ್ತೈತಿ ಮುತ್ಯಾ. ಅವ್ರು ಕೈ ನೋಡಿದ್ರು, ಕಾಲು ಕೇಳಲಿಲ್ಲ, ನಾನೂ ಹೇಳಲಿಲ್ಲ” ಎಂದಳು. ಆ 28 ಕೀಲುಗಳ ಪಟ್ಟಿಯಲ್ಲಿ ಹರಡು, ಪಾದ, ಕಾಲ್ಬೆರಳುಗಳು ಇಲ್ಲ. 2011ರ ಸಮಿತಿಯೇ ಪಾದವನ್ನೂ ಹರಡನ್ನೂ ನೋಡುವುದು ಒಳ್ಳೆಯದೆಂದು ಹೇಳಿದ್ದರೂ, ಅಂಕಿ ಲೆಕ್ಕಕ್ಕೆ ಅವು ಸೇರುವುದಿಲ್ಲ. ಬರಿಗಾಲಿನಲ್ಲಿ ಹೊಲ ತುಳಿಯುವ, ದಿನವಿಡೀ ಮಕ್ಕಳ ಹಿಂದೆ ಓಡಾಡುವ ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯವಲ್ಲ. ಮುಂದಿನ ಭೇಟಿಯಲ್ಲಿ ಅವಳು ಕಾಲು ತೋರಿಸಿದಳು. ಬೆರಳುಗಳ ಬುಡದಲ್ಲಿ ಊತವಿತ್ತು. ವೈದ್ಯರು ಔಷಧಿಯನ್ನು ಸ್ವಲ್ಪ ಹೆಚ್ಚಿಸಿದರು. ಈಗ ಮುಂಜಾನೆಯ ಹಳ್ಳು ಕಡಿಮೆಯಾಗಿದೆ ಎನ್ನುತ್ತಾಳೆ.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಉತ್ತೀರ್ಣರಾಗಲು 35 ಅಂಕ ಬೇಕಾಗಿತ್ತು. ಮೂವತ್ತೈದು ಪಡೆದವನಿಗೆ ಗಣಿತ ಬಂದಿದೆಯೆಂದು ಯಾವ ಮಾಸ್ತರನೂ ತಿಳಿಯುತ್ತಿರಲಿಲ್ಲ. ಆದರೆ ಆ ಗೆರೆಯೊಂದು ಇಲ್ಲದಿದ್ದರೆ ಹಿಂದಿನ ಬೆಂಚಿನ ಎಷ್ಟೋ ಹುಡುಗರತ್ತ ಯಾರೂ ತಿರುಗಿ ನೋಡುತ್ತಿರಲಿಲ್ಲ. ಶಮನದ ಅಂಕಿಯೂ ಹಾಗೆಯೇ ಎಂದು ನಾನು ತಿಳಿದುಕೊಂಡಿದ್ದೇನೆ. ಅದು ಜನ ಸೇರಿ ಒಪ್ಪಿಕೊಂಡ ಗೆರೆ. ಅದನ್ನು ನಾಲ್ಕಾರು ಬಾರಿ ತಿದ್ದಿದ್ದಾರೆ, ಮುಂದೆಯೂ ತಿದ್ದುತ್ತಾರೆ. ಆ ಗೆರೆ ಇಲ್ಲದ ಕಾಲದಲ್ಲಿ ನನ್ನ ಅಕ್ಕನ ಕೈಗಳು ಹೋದವು.

ಮೊಮ್ಮಗಳಿಗೆ ನಾನು ಕೊಟ್ಟ ಉತ್ತರ ಇಷ್ಟು: ಬ್ಯಾನಿ ಹೋಗಿಲ್ಲವ್ವಾ, ಅಡಗಿದೆ. ಗುಳಿಗೆ ಆಸರೆಯ ಕಂಬ; ತೆಗೆಯುವುದಾದರೆ ವೈದ್ಯರೇ ನಿಧಾನವಾಗಿ ತೆಗೆಯಲಿ, ನೀನಾಗಿ ಕೀಳಬೇಡ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ, ಮರೆತು ದಿನವೂ ತಿಂದರೆ ಪ್ರಾಣಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ಆ ವಾರಕ್ಕೆ ಗುರುತು ಹಾಕು. ಬಸುರಾಗುವ ವಿಚಾರವಿದ್ದರೆ ಮೊದಲೇ ವೈದ್ಯರಿಗೆ ಹೇಳು, ಆಗ ಅದನ್ನು ತಿನ್ನುವಂತಿಲ್ಲ. ಪ್ರತಿ ಭೇಟಿಯಲ್ಲಿ ಅಂಕಿ ಎಷ್ಟು ಬಂತೆಂದು ಕೇಳಿ ಒಂದು ವಹಿಯಲ್ಲಿ ಬರೆದಿಡು. ಚಪ್ಪಲಿ ಬಿಚ್ಚಿ ಕಾಲು ತೋರಿಸು.

ಈ ಲೇಖನದಲ್ಲಿ ತಪ್ಪುಗಳಿದ್ದರೆ ವೈದ್ಯರಾಗಿರುವ ಶಿಷ್ಯರು ಸಂಕೋಚವಿಲ್ಲದೆ ತಿದ್ದಬೇಕು. ಮನೆಯಲ್ಲಿ ಯಾರಿಗಾದರೂ ಆರು ವಾರ ಮೀರಿ ಗೆಣ್ಣುಗಳು ಊದಿಕೊಂಡಿದ್ದರೆ, ಇದು ವಾಯಿ, ತಾನಾಗಿಯೇ ಹೋಗುತ್ತದೆ ಎಂದು ಕಾಯದೆ ತಜ್ಞರಿಗೆ ತೋರಿಸಬೇಕೆಂದು ಎಲ್ಲರಲ್ಲಿ ನನ್ನ ವಿನಂತಿ.

ನಿಮ್ಮ ಮಾಸ್ತರ,
ದೇವದುರ್ಗ